ಕಿವಿಯಿಲ್ಲದ ರೇಡಿಯೋ

ವಿಮರ್ಶೆ ಎಂದರೆ ಕವಿತೆ, ಕಾದಂಬರಿಗಳಿಗೇ ಮೀಸಲಾದದ್ದು ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಆದರೆ ಯಾವ ಕುಕ್ಕರಿನ ಹಿಡಿ ಎರಡೇ ವರ್ಷಕ್ಕೆ ಅಲುಗಾಡುತ್ತದೆ, ಯಾವ ಮಿಕ್ಸಿಯ ಜಾರಿನ ತಳಕ್ಕೆ ತೊಳೆಯಲು ಬೆರಳೇ ಹೋಗುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ನಾವು ಹೆಂಗಸರು ಆಡುವ ಮಾತುಗಳು ವಿಮರ್ಶೆಯಲ್ಲದೆ ಮತ್ತೇನು? ಬಳಸಿದವರ ಕೈ ಆಡುವ ಮಾತು ಅದು. ಹಾಗಾಗಿ ನಾನು ಇವತ್ತು ನಮ್ಮ ಕಾರಿನ ಟೇಪನ್ನು ವಿಮರ್ಶೆಗೆ ಎತ್ತಿಕೊಂಡರೆ ನೀವು ನಗಬಾರದು. ನಕ್ಕರೂ ಪೂರ್ತಿ ಓದಿ ನಗಿ.

ಟೇಪು ಎಂದರೆ ಕಾರಿನ ಮುಂಭಾಗದಲ್ಲಿ, ಗೇರಿನ ಮೇಲ್ಗಡೆ ಕೂತಿರುವ ರೇಡಿಯೋ-ಕ್ಯಾಸೆಟ್ಟಿನ ಸೆಟ್ಟು. ನಮ್ಮ ಕಾರು 2005ರದ್ದು. 2011ರಲ್ಲಿ ಧಾರವಾಡದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಂದ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಟೇಪು ಕಂಪನಿಯಿಂದಲೇ ಕೂಡಿ ಬಂದದ್ದು. ಸುಮಾರು 18 ಸೆಂಟಿಮೀಟರು ಅಗಲ, 5 ಸೆಂಟಿಮೀಟರು ಎತ್ತರದ ಕಪ್ಪು ಮುಖ; ಎಡಕ್ಕೊಂದು, ಬಲಕ್ಕೊಂದು ತಿರುಗಿಸುವ ಗುಂಡಿ; ನಡುವೆ ಕ್ಯಾಸೆಟ್ಟಿನ ಬಾಯಿ. ಈ 18 ಮತ್ತು 5ರ ಅಳತೆ ಜಗತ್ತಿನ ಎಷ್ಟೋ ಕಾರುಗಳಿಗೆ ಒಂದೇ ಎಂದೂ, ಜರ್ಮನಿಯವರು ಗೊತ್ತುಮಾಡಿದ ಅಳತೆಯೆಂದೂ ಆಮೇಲೆ ತಿಳಿಯಿತು. ಅದರ ಕೆಳಗೆ ಅಷ್ಟೇ ಅಗಲದ ಒಂದು ಗೂಡು. ಆ ಗೂಡಿನಲ್ಲಿ ನನ್ನ ಕೆಂಪು ಪೆನ್ನು, ಚಿಲ್ಲರೆ, ತಲೆನೋವಿನ ಮಾತ್ರೆ, ಒಂದು ಹೇರ್‌ಪಿನ್ನು. ಆ ಗೂಡೂ ಈ ಕಥೆಯಲ್ಲಿ ಒಂದು ಪಾತ್ರ. ಮರೆಯಬೇಡಿ.

ಕಾರಿನಲ್ಲಿ ರೇಡಿಯೋ ಹಾಡಿಸುವುದು ನಮ್ಮ ಕಾಲದ ಶೋಕಿಯೇನಲ್ಲ. 1930ರಲ್ಲಿಯೇ ಅಮೆರಿಕದ ಗಾಲ್ವಿನ್ ಕಂಪನಿ ಕಾರಿಗೆಂದು ರೇಡಿಯೋ ಮಾಡಿ ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟಿತು. 1932ರಲ್ಲಿ ಜರ್ಮನಿಯ ಬ್ಲೌಪಂಕ್ಟ್ ಮಾಡಿದ ಕಾರ್ ರೇಡಿಯೋ ಸುಮಾರು 15 ಕಿಲೋ ತೂಗುತ್ತಿತ್ತಂತೆ. ಅರ್ಧ ಚೀಲ ಜೋಳ! ಫಿಲಿಪ್ಸಿನವರು 1963ರಲ್ಲಿ ಅಂಗೈಯಗಲದ ಕ್ಯಾಸೆಟ್ಟು ತಂದ ಮೇಲೆ ಕಾರಿನೊಳಗೆ ನಮ್ಮಿಷ್ಟದ ಹಾಡು ಬಂತು. ಅಲ್ಲಿಯತನಕ ಆಕಾಶ ಕೊಟ್ಟದ್ದನ್ನು ಕೇಳಬೇಕಿತ್ತು.

ನಮ್ಮಿಷ್ಟ ಎಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲಬೇಕು. ಕಾರು ಬಂದ ಮೊದಲ ನಾಲ್ಕು ವರ್ಷ ನನ್ನ ಜಾಗ ಎಡಗಡೆಯ ಸೀಟು. ನಮ್ಮವರು ಓಡಿಸುವವರು. ಟೇಪು ಇಬ್ಬರ ನಡುವೆಯೇ ಇದ್ದರೂ ಅದರ ಕಿವಿ ಹಿಂಡುವ ಹಕ್ಕು ಮಾತ್ರ ಅವರದು. ನಮ್ಮ ಕಡೆ ರೇಡಿಯೋದ ಗುಂಡಿ ತಿರುಗಿಸುವುದಕ್ಕೆ 'ಕಿವಿ ಹಿಂಡುವುದು' ಎನ್ನುತ್ತಾರೆ. ಎಷ್ಟು ಸರಿಯಾದ ಮಾತು! ವಾರ್ತೆ, ಕ್ರಿಕೆಟ್ಟಿನ ವೀಕ್ಷಕ ವಿವರಣೆ, ಮತ್ತೆ ವಾರ್ತೆ. ನಡುವೆ ಯಾವುದಾದರೂ ಭಾವಗೀತೆ ಶುರುವಾಗಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೇಳತೊಡಗಿದರೆ, "ಏನ ಅಂದೀ?" ಎಂದು ಅವರು ದನಿ ಇಳಿಸಿಬಿಡುತ್ತಿದ್ದರು. ನಾನು ಏನೂ ಅಂದಿರುತ್ತಿರಲಿಲ್ಲ. ಕೆಟ್ಟ ಮನಸ್ಸಿನವರಲ್ಲ ಅವರು. ಹೆಂಗಸು ಸುಮ್ಮನೆ ಕೂತಿದ್ದಾಳೆಂದರೆ ಏನೋ ಹೇಳಲಿದ್ದಾಳೆ ಎಂಬ ಭಯ ಎಲ್ಲ ಗಂಡಂದಿರಿಗೂ ಇರುತ್ತದೆ.

2015ರಲ್ಲಿ ನನಗೆ ರಾಣೆಬೆನ್ನೂರಿನಿಂದ 16 ಕಿಲೋಮೀಟರು ದೂರದ ಹಳ್ಳಿಯ ಪ್ರೌಢಶಾಲೆಗೆ ವರ್ಗವಾಯಿತು. ಬಸ್ಸು ಹೊತ್ತಿಗೆ ಬರುವುದಿಲ್ಲ. 46ನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಕಲಿಸಿದವನಿಗೂ ಕಲಿತವಳಿಗೂ ದೇವರು ಆಯುಷ್ಯ ಗಟ್ಟಿ ಬರೆದಿದ್ದ. ಮೊದಲ ತಿಂಗಳು ಟೇಪಿನ ಗೊಡವೆಗೇ ಹೋಗಲಿಲ್ಲ, ಗೇರು ಹಾಕುವುದರಲ್ಲೇ ಕೈ ಬೆವರುತ್ತಿತ್ತು. ಎರಡನೆಯ ತಿಂಗಳು ಒಂದು ಬೆಳಿಗ್ಗೆ, ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ಇಳಿದಾಗ, ಕಣ್ಣು ರಸ್ತೆಯ ಮೇಲಿಟ್ಟುಕೊಂಡೇ ಎಡಗೈಯಿಂದ ಗುಂಡಿ ತಿರುಗಿಸಿದೆ. ಧಾರವಾಡ ಆಕಾಶವಾಣಿ. ಮಧ್ಯಮ ತರಂಗ, 765 ಕಿಲೋಹರ್ಟ್ಸ್. ಚಿಕ್ಕಂದಿನಿಂದ ಮನೆಯ ಗೋಡೆಯೊಳಗಿಂದ ಬಂದ ಹಾಗೆ ಕೇಳಿದ ದನಿ. ಆದರೆ ನಾನೇ ಹಚ್ಚಿ, ನಾನೇ ದನಿ ಏರಿಸಿ, ಯಾರೂ "ಏನ ಅಂದೀ?" ಎನ್ನದೆ ಕೇಳಿದ್ದು ಅದೇ ಮೊದಲು. ಹೋಗುತ್ತ 25 ನಿಮಿಷ, ಬರುತ್ತ 25 ನಿಮಿಷ. ಓದುಗ ಗೆಳತಿಯರೇ, ಎರಡು ಮಕ್ಕಳನ್ನು ಸಾಕಿ, ಅತ್ತೆಯ ಬಾಣಂತನದಂಥ ಮುಪ್ಪು ನೋಡಿಕೊಂಡು, ದಿನಕ್ಕೆ ಆರು ಪೀರಿಯಡ್ಡು ಪಾಠ ಮಾಡಿದವಳಿಗೆ 50 ನಿಮಿಷ ಎಂದರೆ ಎಷ್ಟು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಧಾರವಾಡದ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು. ಮಲ್ಲಿಕಾರ್ಜುನ ಮನಸೂರರಂಥವರು ಸಂಗೀತ ಸಲಹೆಗಾರರಾಗಿದ್ದ ಕೇಂದ್ರ ಅದು. ಆಕಾಶವಾಣಿ ಎಂಬ ಹೆಸರೂ ನಮ್ಮ ನಾಡಿನದೇ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದ ಖಾಸಗಿ ಬಾನುಲಿ ಕೇಂದ್ರಕ್ಕಿತ್ತು ಅದು. ಇದನ್ನು ಪ್ರತಿ ವರ್ಷ ಒಂಬತ್ತನೆಯ ಇಯತ್ತೆಗೆ ಹೇಳುತ್ತೇನೆ. ಮಕ್ಕಳು ಪರೀಕ್ಷೆಯಲ್ಲಿ ಬರುತ್ತದೆಯೇ ಎಂದು ಕೇಳುತ್ತಾರೆ.

ರೇಡಿಯೋ ಬೇಸರವಾದ ದಿನ ಕ್ಯಾಸೆಟ್ಟು. ಮನೆಯ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇಳಿಸಿದ್ದೆ. ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ನಿಸಾರರ 'ನಿತ್ಯೋತ್ಸವ' 1978ರಲ್ಲಿ ಬಂದಾಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಅದನ್ನು ಕೊಂಡದ್ದು ಬಿ.ಎಡ್. ಓದುವಾಗ. ಸಿ. ಅಶ್ವಥ್‌ರ 'ಮೈಸೂರು ಮಲ್ಲಿಗೆ', ಶಿಶುನಾಳ ಷರೀಫರ ಪದಗಳು. ಷರೀಫರು ನಮ್ಮ ಜಿಲ್ಲೆಯವರೇ ಎಂಬ ಸಣ್ಣ ಜಂಬವೂ ಇದೆ.

ಈ ಕ್ಯಾಸೆಟ್ಟುಗಳ ಬಗ್ಗೆ ಒಂದು ಮಾತು ಹೇಳಬೇಕು, ಇದು ಹಳೆಯದರ ಮೇಲಿನ ಮೋಹದಿಂದಲ್ಲ. ಹಳೆಯ ಕ್ಯಾಸೆಟ್ಟಿನ ಕಾಟ ನನಗೂ ಗೊತ್ತು. ಸುರುಳಿ ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತಬೇಕು, ಬಿಸಿಲಿಗೆ ಬಿಟ್ಟರೆ ಹಾಡುಗಾರನಿಗೆ ಜ್ವರ ಬಂದ ಹಾಗೆ ಎಳೆಯುತ್ತದೆ. ಆದರೆ ಒಂದು ಬದಿಗೆ ಅರ್ಧ ಗಂಟೆ ಎಂಬ ಕಟ್ಟು ಇತ್ತಲ್ಲ, ಅದರಿಂದ ಯಾರೋ ಒಬ್ಬರು ಕೂತು ಯೋಚಿಸಿ ಹಾಡುಗಳನ್ನು ಪೋಣಿಸಬೇಕಾಗುತ್ತಿತ್ತು. ಮೊದಲು ಯಾವುದು, ಕೊನೆಗೆ ಯಾವುದು, ತಿರುವಿ ಹಾಕಿದಾಗ ಯಾವುದರಿಂದ ಶುರು. ಮೂರನೆಯ ಹಾಡು ನಮಗೆ ಸೇರದಿದ್ದರೂ ನಾಲ್ಕನೆಯದಕ್ಕಾಗಿ ಕೇಳುತ್ತಿದ್ದೆವು. ಹಾಗೆ ಕೇಳಿ ಕೇಳಿಯೇ ಒಂದು ವರ್ಷದ ಮೇಲೆ ಮೂರನೆಯದೇ ನಮ್ಮದಾಗುತ್ತಿತ್ತು. ಕನ್ನಡದ ಆಧುನಿಕ ಕವಿತೆ ನಮ್ಮಂಥ ಸಣ್ಣ ಊರಿನ ಹೆಂಗಸರ ಅಡುಗೆಮನೆಗೆ ಬಂದದ್ದು ಪುಸ್ತಕದಂಗಡಿಯಿಂದಲ್ಲ, ಕ್ಯಾಸೆಟ್ಟಿನಂಗಡಿಯಿಂದ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರ ಪುಸ್ತಕ. ನಮ್ಮ ಓಣಿಯಲ್ಲಿ ಆ ಪುಸ್ತಕ ಇದ್ದ ಮನೆ ಒಂದೂ ಇರಲಿಲ್ಲ, ಆ ಹಾಡುಗಳು ಬಾರದ ಮನೆಯೂ ಇರಲಿಲ್ಲ. ಭಾವಗೀತೆಯ ಗಾಯನ ಕವಿತೆಯನ್ನು ಸಿಹಿ ಮಾಡಿ ಕೆಡಿಸಿತು ಎಂದು ದೊಡ್ಡ ವಿಮರ್ಶಕರು ಹೇಳಬಹುದು. ಸ್ವಲ್ಪ ನಿಜವೂ ಹೌದು, ಕೆಲವು ಹಾಡುಗಳಲ್ಲಿ ಪಿಟೀಲು ಕವಿಯ ಮಾತನ್ನು ಮುಳುಗಿಸಿಬಿಟ್ಟಿದೆ. ಆದರೂ ಬಾಗಿಲು ತೆರೆದದ್ದು ಅದೇ.

ಇಂತಿಪ್ಪಾಗ 2022ರ ದೀಪಾವಳಿಗೆ ಬೆಂಗಳೂರಿನಿಂದ ಮಗ ಬಂದ. ಪಾಡ್ಯದ ದಿನ ಕಾರು ತೊಳೆಸಿಕೊಂಡು ಬರುತ್ತೇನೆಂದು ಒಯ್ದವನು ಸಂಜೆಗೆ ಬಂದ. "ಅವ್ವಾ, ಬಾ ಇಲ್ಲೆ, ಕಣ್ಣು ಮುಚ್ಕೋ" ಎಂದು ಕೈಹಿಡಿದು ಕರೆದೊಯ್ದು ಕೂಡಿಸಿದ. ಕಣ್ಣು ತೆರೆದರೆ ನನ್ನ ಟೇಪು ಇಲ್ಲ, ಗೂಡೂ ಇಲ್ಲ. ಎರಡನ್ನೂ ನುಂಗಿ 7 ಅಂಗುಲದ ಒಂದು ಗಾಜಿನ ಪರದೆ ನೀಲಿಯಾಗಿ ಹೊಳೆಯುತ್ತಿದೆ. ಪೆನ್ನು, ಮಾತ್ರೆ, ಹೇರ್‌ಪಿನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಂದಿನ ಸೀಟಿನ ಮೇಲೆ.

"ಆ ಡಬ್ಬಾ ಇನ್ನೂ ಎಷ್ಟು ದಿನ ಇಟ್ಕೊಂತೀ? ಇದರಾಗ ಎಲ್ಲಾ ಬರ್ತೈತಿ ನೋಡು."

"ಚೊಲೋ ಐತಪಾ," ಎಂದೆ. ಅವನ ಮುಖ ನೋಡಿ ಮತ್ತೇನು ಹೇಳಲಿ?

ಈಗ ವಿಮರ್ಶೆಗೆ ಬರುತ್ತೇನೆ. ನ್ಯಾಯವಾಗಿ ಮೊದಲು ಒಳ್ಳೆಯದನ್ನೇ ಹೇಳಬೇಕು. ಹಿಂದಕ್ಕೆ ತೆಗೆಯುವಾಗ ಪರದೆಯಲ್ಲಿ ಹಿಂದಿನದೆಲ್ಲ ಕಾಣುತ್ತದೆ. ಶಾಲೆಯ ಅಂಗಳದಲ್ಲಿ ಸಣ್ಣ ಮಕ್ಕಳು ಎಲ್ಲೆಂದರಲ್ಲಿ ಓಡಾಡುವಾಗ ಈ ಕ್ಯಾಮೆರಾ ಇಲ್ಲದೆ ಇಷ್ಟು ವರ್ಷ ಹೇಗೆ ಧೈರ್ಯ ಮಾಡಿದೆನೋ ಎನ್ನಿಸಿತು. ಫೋನು ಬಂದರೆ ಕೈ ಬಿಡದೆ ಮಾತಾಡಬಹುದು. ದಾರಿ ತೋರಿಸುತ್ತದೆ, ನನ್ನ 16 ಕಿಲೋಮೀಟರಿಗೆ ಅದರ ಅಗತ್ಯವಿಲ್ಲದಿದ್ದರೂ ತೋರಿಸುತ್ತದೆ.

ಇನ್ನು ದನಿ. ಪೆಟ್ಟಿಗೆಯ ಮೇಲೆ 50 ವ್ಯಾಟಿನಂತೆ ನಾಲ್ಕು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. ಕಾರಿನ 12 ವೋಲ್ಟಿನ ಬ್ಯಾಟರಿಯ ಮೇಲೆ ಇಂಥ ಸೆಟ್ಟು ಒಂದು ಸ್ಪೀಕರಿಗೆ ಸತತವಾಗಿ ಕೊಡಬಲ್ಲದ್ದು 20 ವ್ಯಾಟಿನ ಆಸುಪಾಸು ಮಾತ್ರ. ಉಳಿದದ್ದು ಕ್ಷಣಮಾತ್ರದ ಏರಿನ ಲೆಕ್ಕ, ಸೀರೆ ಅಂಗಡಿಯವನ 'ಮೂಲ ಬೆಲೆ' ಇದ್ದ ಹಾಗೆ. ಬಾಗಿಲಿನೊಳಗಿನ ಸ್ಪೀಕರುಗಳು ಹಳೆಯವೇ ಆದ್ದರಿಂದ ಹಾಡೂ ಹಳೆಯ ಹಾಗೆಯೇ ಕೇಳುತ್ತಿತ್ತು. ಡೋಲಿನ ಪೆಟ್ಟು ಮಾತ್ರ ಎದೆಗೆ ಗುದ್ದುತ್ತಿತ್ತು. ಸೆಟ್ಟು ಬದಲಿಸಿದರೆ ದನಿ ಬದಲಾಗುತ್ತದೆ ಎಂದುಕೊಂಡವರು ಮೊದಲು ಸ್ಪೀಕರನ್ನು ನೋಡಬೇಕು ಎಂದು ಆಮೇಲೆ ಒಬ್ಬ ತಿಳಿದವನು ಹೇಳಿದ.

ಆದರೆ ನನ್ನ ಮುಖ್ಯ ತಕರಾರು ಕಿವಿಯದು. ಈ ರೇಡಿಯೋಕ್ಕೆ ಹಿಂಡಲು ಕಿವಿಯೇ ಇಲ್ಲ! ದನಿ ಇಳಿಸಬೇಕೆಂದರೆ ಗಾಜಿನ ಮೇಲೆ ಅಕ್ಕಿಕಾಳಿನಷ್ಟು ಚಿತ್ರವೊಂದನ್ನು ಹುಡುಕಿ ಮುಟ್ಟಬೇಕು, ಒಂದು ಗೆರೆ ಮೂಡುತ್ತದೆ, ಆ ಗೆರೆಯನ್ನು ಎಳೆಯಬೇಕು. ನಮ್ಮ ಹಳ್ಳಿಯ ರಸ್ತೆಯಲ್ಲಿ ಬೆರಳು ಒಂದು ಕಡೆ, ಗೆರೆ ಒಂದು ಕಡೆ. ಹಳೆಯ ಗುಂಡಿಯನ್ನು ನಾನು ಏಳು ವರ್ಷ ತಿರುಗಿಸಿದ್ದೇನೆ, ಒಮ್ಮೆಯೂ ನೋಡಿದ ನೆನಪಿಲ್ಲ. ಕತ್ತಲಲ್ಲಿ ಉಪ್ಪಿನ ಡಬ್ಬಿ ಕೈಗೆ ಸಿಗುವ ಹಾಗೆ ಸಿಗುತ್ತಿತ್ತು. ಇದನ್ನು ನೋಡದೆ ಮುಟ್ಟುವಂತಿಲ್ಲ. ನೋಡಿದರೆ ರಸ್ತೆ ಹೋಯಿತು. ಮೊದಲ ವಾರದಲ್ಲೇ ಒಂದು ಎಮ್ಮೆ ನನ್ನ ಪುಣ್ಯದಿಂದ ಉಳಿಯಿತು, ಅಥವಾ ಅದರ ಪುಣ್ಯದಿಂದ ನಾನು.

ವಯಸ್ಸಾದವಳ ಕೈ, ರೂಢಿಯಿಲ್ಲ ಎಂದು ನನ್ನನ್ನೇ ಬೈದುಕೊಂಡೆ. ಆದರೆ ಸ್ವೀಡನ್ನಿನ 'ವಿ ಬಿಲೆಗಾರೆ' ಎಂಬ ಕಾರು ಪತ್ರಿಕೆಯವರು ಅದೇ 2022ರಲ್ಲಿ ಮಾಡಿದ ಒಂದು ಪರೀಕ್ಷೆಯ ವಿಷಯ ಓದಿದ ಮೇಲೆ ನನ್ನ ಬೆನ್ನು ನೆಟ್ಟಗಾಯಿತು. ಗಂಟೆಗೆ 110 ಕಿಲೋಮೀಟರು ವೇಗದಲ್ಲಿ ಓಡುವಾಗ ರೇಡಿಯೋ ಕೇಂದ್ರ ಹಿಡಿಯುವುದು, ಕಾರಿನ ಬಿಸಿ ಹೆಚ್ಚಿಸುವುದು ಮುಂತಾದ ನಾಲ್ಕು ಸಣ್ಣ ಕೆಲಸಗಳನ್ನು ಮಾಡಲು ಎಷ್ಟು ಹೊತ್ತು ಬೇಕು ಎಂದು ನೋಡಿದರು. ಪರದೆಯ ಹೊಸ ಕಾರುಗಳ ಜೊತೆ ಗುಂಡಿಗಳಿರುವ ಒಂದು ಹಳೆಯ ವೋಲ್ವೋ ಕಾರನ್ನೂ ಓಡಿಸಿದರು. ಹಳೆಯದರಲ್ಲಿ 10 ಸೆಕೆಂಡು, ಅಷ್ಟರಲ್ಲಿ ಕಾರು ಹೋದದ್ದು 306 ಮೀಟರು. ಎಲ್ಲಕ್ಕಿಂತ ಹಿಂದೆ ಬಿದ್ದ ಹೊಸ ಕಾರಿನಲ್ಲಿ 44.6 ಸೆಕೆಂಡು, 1,372 ಮೀಟರು! ಗೆದ್ದ ಆ ವೋಲ್ವೋ ಯಾವ ವರ್ಷದ್ದು ಎಂದುಕೊಂಡಿರಿ? 2005. ನಮ್ಮ ಕಾರಿನ ಓರಗೆಯದು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆಯೂ 2026ರಿಂದ ಹಾರನ್ನು, ವೈಪರು, ಇಂಡಿಕೇಟರುಗಳಂಥವಕ್ಕೆ ನಿಜವಾದ ಗುಂಡಿಗಳಿದ್ದರೆ ಮಾತ್ರ ಪೂರ್ತಿ ಅಂಕ ಎಂದಿದೆ. ಕೈಗೆ ಗೊತ್ತಿದ್ದ ಸತ್ಯ ಮೇಷ್ಟ್ರುಗಳಿಗೆ ತಿಳಿಯಲು ಕಾಲ ಬೇಕಾಗುತ್ತದೆ.

ಎರಡನೆಯ ತಕರಾರು ಇನ್ನೂ ದೊಡ್ಡದು. ಹೊಸ ಸೆಟ್ಟಿನಲ್ಲಿ ಎಫ್.ಎಂ. ಮಾತ್ರ ಇತ್ತು. ಮಧ್ಯಮ ತರಂಗವೇ ಇಲ್ಲ. 765 ಎಲ್ಲಿ ಎಂದು ಹುಡುಕಿದರೆ 87.5ರಿಂದ 108ರವರೆಗೆ ಓಡಿ ಮತ್ತೆ 87.5ಕ್ಕೆ ಬಂದು ನಿಲ್ಲುತ್ತದೆ, ಪಾಠ ಬಾರದ ಹುಡುಗ ಮೊದಲ ಸಾಲನ್ನೇ ಮತ್ತೆ ಮತ್ತೆ ಓದುವ ಹಾಗೆ. ಎಫ್.ಎಂ. ಅಲೆ ಸ್ವಚ್ಛ, ಆದರೆ ಕೆಲವು ಹತ್ತು ಕಿಲೋಮೀಟರಿನ ಅಲೆ. ಮಧ್ಯಮ ತರಂಗ ಗೊರಗೊರ ಎಂದರೂ ಜಿಲ್ಲೆ ಜಿಲ್ಲೆ ದಾಟಿ ಬರುತ್ತದೆ. ಕಾರಿನೊಳಗೆ ಇಂಥ ಕಂಪ್ಯೂಟರುಗಳು ಹೆಚ್ಚಿದಷ್ಟೂ ಅವು ಎಬ್ಬಿಸುವ ವಿದ್ಯುತ್ ಗಲಾಟೆ ಈ ಅಲೆಗೆ ಅಡ್ಡಬರುತ್ತದೆ. ಅದಕ್ಕೇ ಕೆಲವರು ಅದನ್ನು ಕೈಬಿಡುತ್ತಾರೆ. ಅಮೆರಿಕದಲ್ಲಿ ಫೋರ್ಡ್ ಕಂಪನಿ ಹೀಗೆ ಕೈಬಿಡುತ್ತೇನೆಂದು ಹೇಳಿ, ಜನ ಗಲಾಟೆ ಮಾಡಿದ ಮೇಲೆ 2023ರ ಮೇ ತಿಂಗಳಲ್ಲಿ ಮನಸ್ಸು ಬದಲಿಸಿತು. ನಮ್ಮಲ್ಲಿ ಗಲಾಟೆ ಮಾಡುವವರು ಯಾರು? ನಾನೊಬ್ಬಳು, ಅದೂ ಮನಸ್ಸಿನೊಳಗೆ.

ಮಗನಿಗೆ ಫೋನಿನಲ್ಲಿ ಮೆಲ್ಲಗೆ ಹೇಳಿದೆ. "ಆಕಾಶವಾಣೀದೇ ಆ್ಯಪ್ ಐತಿ ಅವ್ವಾ, ನ್ಯೂಸ್ ಆನ್ ಏರ್ ಅಂತ. ಇಡೀ ದೇಶದ ಸ್ಟೇಷನ್ ಬರ್ತಾವ," ಎಂದ. ನಿಜ, ಬರುತ್ತವೆ. ಮನೆಯಲ್ಲಿ ಕೇಳಲು ಅದು ಬಲು ಒಳ್ಳೆಯದು. ಆದರೆ ಹೆದ್ದಾರಿ ಬಿಟ್ಟ ಮೂರನೆಯ ಕಿಲೋಮೀಟರಿಗೆ ನೆಟ್‌ವರ್ಕ್ ಹೋಗುತ್ತದೆ. ವಾರ್ತೆ ಓದುವವರು ಅರ್ಧ ವಾಕ್ಯಕ್ಕೆ ನಿಂತು, ಪರದೆಯ ಮೇಲೆ ಒಂದು ಚಕ್ರ ಗಿರಗಿರನೆ ತಿರುಗುತ್ತದೆ. ಆ ಚಕ್ರವನ್ನು ನೋಡುತ್ತ ನಾನು ಐದು ತಿಂಗಳು ಶಾಲೆಗೆ ಹೋದೆ. ಕೊನೆಕೊನೆಗೆ ಏನನ್ನೂ ಹಚ್ಚದೆ ಸುಮ್ಮನೆ ಓಡಿಸುತ್ತಿದ್ದೆ.

ಈ ನಡುವೆ ಸೋಮವಾರ ಬೆಳಿಗ್ಗೆಗಳಲ್ಲಿ ಕಾರು ಕೆಮ್ಮತೊಡಗಿತು. ಕೀಲಿ ತಿರುಗಿಸಿದರೆ ಎರಡು ಸಲ ನರಳಿ ಮೂರನೆಯ ಸಲಕ್ಕೆ ಏಳುತ್ತಿತ್ತು. "ವಯಸ್ಸಾತು, ಮಾರೂಣು," ಎಂದರು ನಮ್ಮವರು. ವಯಸ್ಸಾದವರ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭ! ನಾನೂ ಹೌದೆಂದೇ ನಂಬಿದೆ.

2023ರ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಬೇರೊಂದು ಊರಿನ ಕೇಂದ್ರದಲ್ಲಿ ನನಗೆ ಕೊಠಡಿ ಮೇಲ್ವಿಚಾರಕಿಯ ಕೆಲಸ. ಎರಡು ಪತ್ರಿಕೆಗಳ ನಡುವೆ ಬಿಡುವಿದ್ದು ಕಾರು ಮೂರು ದಿನ ನಿಂತಲ್ಲೇ ನಿಂತಿತ್ತು. ಪರೀಕ್ಷೆಯ ಬೆಳಿಗ್ಗೆ ಎಂಟೂವರೆಗೆ ಕೀಲಿ ತಿರುಗಿಸಿದರೆ, ಟಿಕ್. ಅಷ್ಟೇ. ನರಳಲಿಕ್ಕೂ ಶಕ್ತಿಯಿಲ್ಲ. ನಮ್ಮವರು ಊರಲ್ಲಿಲ್ಲ. ಪಕ್ಕದ ಮನೆಯ ಹುಡುಗರು ನೂಕಿದರು, ಏಳಲಿಲ್ಲ. ಆಟೋ ಹಿಡಿದು, ಬಸ್ಸು ಹಿಡಿದು, ಕೇಂದ್ರ ಮುಟ್ಟಿದಾಗ ಹತ್ತಾಗಿ ಹತ್ತು ನಿಮಿಷ. ಹತ್ತೂವರೆಗೆ ಪರೀಕ್ಷೆ, ನಾನು ಒಂಬತ್ತೂವರೆಗೆ ಇರಬೇಕಿತ್ತು. ನನ್ನ ಕೊಠಡಿಗೆ ಬೇರೆಯವರನ್ನು ಹಾಕಿಯಾಗಿತ್ತು. "ಏನ್ರಿ ಮೇಡಂ, ಇಷ್ಟು ವರ್ಷದ ಸರ್ವಿಸು ನಿಮ್ಮದು," ಎಂದರು ಅಲ್ಲಿನ ಮುಖ್ಯ ಅಧೀಕ್ಷಕರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಲಿಖಿತ ವಿವರಣೆ ಕೇಳಿದರು. ತಡವಾಗಿ ಬಂದ ಮಕ್ಕಳಿಂದ ಮೂವತ್ತು ವರ್ಷ ಕಾರಣ ಬರೆಸಿಕೊಂಡ ಕೈ ಆ ದಿನ ತಾನೇ ಬರೆಯಿತು.

ಸಂಜೆ ಬ್ಯಾಟರಿ ಅಂಗಡಿಯ ಪಕ್ಕದಲ್ಲಿ ವೈರಿಂಗ್ ಕೆಲಸ ಮಾಡುವ ಹುಡುಗನನ್ನು ಕರೆತಂದೆ. ಹಿಂದೊಮ್ಮೆ ನನ್ನ ಕೈಯಲ್ಲಿ ಕನ್ನಡ ಕಲಿತವನೇ. ಬ್ಯಾಟರಿಗೆ ಮೀಟರು ಹಿಡಿದು ನೋಡಿದ. ಕೀಲಿ ತೆಗೆದ ಮೇಲೂ ಅರ್ಧ ಆಂಪಿಯರು ಎಲ್ಲಿಗೋ ಹರಿಯುತ್ತಿದೆ. ಪರದೆಯನ್ನು ಹೊರಗೆಳೆದ.

"ಅಕ್ಕಾರ, ಯಾರ್ರೀ ಇದನ್ನ ಕೂಡ್ಸಿದ್ದು? ಕಪ್ಲರ್ ಕತ್ತರಿಸಿ ಒಗದಾರ ನೋಡ್ರಿ."

ನಾನು ಬಿ.ಎ., ಬಿ.ಎಡ್. ಓದಿದವಳು, ವಿದ್ಯುತ್ತು ನನಗೆ ಛಂದಸ್ಸಿಗಿಂತ ಕಷ್ಟ. ಅವನು ತಾಳ್ಮೆಯಿಂದ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಹಳೆಯ ಕಾರಿದ್ದು, ನಿಮಗೂ ಪ್ರೀತಿಯ ಮಗನಿದ್ದರೆ ಬೇಕಾದೀತು. ಹೊರಗಡೆಯಿಂದ ಕೊಂಡು ಕೂಡಿಸುವ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಬ್ಯಾಟರಿಗೆ ನೇರ. ಗಡಿಯಾರ, ನೆನಪು ಉಳಿಯಲಿಕ್ಕೆ ಅದಕ್ಕೆ ಸದಾ ತುಸು ವಿದ್ಯುತ್ತು ಬೇಕು. ಕೆಂಪು ವೈರು ಕಾರಿನ ಕೀಲಿಯ ಜೊತೆ ಹೋಗಬೇಕು. ಕೀಲಿ ತೆಗೆದರೆ ಅದು ಸಾಯಬೇಕು, ಆಗಲೇ ಸೆಟ್ಟು ಮಲಗುವುದು. ಕಪ್ಪು ನೆಲಕ್ಕೆ, ಎಂದರೆ ಕಾರಿನ ಲೋಹದ ಮೈಗೆ. ಬಿಳಿ, ಬೂದು, ಹಸಿರು, ನೇರಳೆ, ಇವು ನಾಲ್ಕು ಸ್ಪೀಕರುಗಳಿಗೆ ಜೋಡಿಜೋಡಿಯಾಗಿ. ಕಾರಿನ ಕಡೆಯ ವೈರುಗಳ ಬಣ್ಣ ಬೇರೆ ಇರುತ್ತದೆ. ಎರಡಕ್ಕೂ ನಡುವೆ ದುಭಾಷಿಯ ಹಾಗೆ ಒಂದು ಜೋಡಿಸುವ ಕಪ್ಲರು ಸಿಗುತ್ತದೆ. ಅದನ್ನು ಹಾಕಿದರೆ ಒಂದು ವೈರನ್ನೂ ಕತ್ತರಿಸಬೇಕಿಲ್ಲ, ನಾಳೆ ಬೇಡವೆಂದರೆ ಹಳೆಯದನ್ನು ಮತ್ತೆ ಸಿಕ್ಕಿಸಬಹುದು. ಕೂಡಿಸಿದವನು ಆ ಸಣ್ಣ ಕಪ್ಲರಿನ ದುಡ್ಡು ಉಳಿಸಿ, ಕಂಪನಿಯ ವೈರು ಕತ್ತರಿಸಿ, ಹಳದಿ ಕೆಂಪು ಎರಡನ್ನೂ ಒಟ್ಟಿಗೆ ತಿರುವಿ ನೇರ ಬ್ಯಾಟರಿಗೇ ಕೊಟ್ಟಿದ್ದ. ಪರದೆ ಕಪ್ಪಾದರೂ ಒಳಗೆ ಸೆಟ್ಟು ಎಚ್ಚರವಿತ್ತು. ಐದು ತಿಂಗಳು ಅದು ಒಂದು ಕ್ಷಣ ಮಲಗಿರಲಿಲ್ಲ.

ಮರುದಿನ ನಮ್ಮ ವಿಜ್ಞಾನದ ಟೀಚರು ಸೀಮೆಸುಣ್ಣದ ಡಬ್ಬಿಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್. ಅರ್ಧ ಆಂಪಿಯರು ಸೋರಿದರೆ 70 ತಾಸಿಗೆ ಪೂರ್ತಿ ಬರಿದು. ಎಂಜಿನ್ನು ತಿರುಗಿಸಲಾರದಷ್ಟು ಸೊರಗಲು ಅಷ್ಟೂ ಬೇಡ. ಮೂರು ದಿನಕ್ಕೆ 72 ತಾಸು. ಪಾಪ, ಕಾರು ಏಳದ್ದರಲ್ಲಿ ಏನು ತಪ್ಪು?

ವಿವರಣೆಯ ಪತ್ರದಲ್ಲಿ 'ಕಾರಿನ ರೇಡಿಯೋ ನಿದ್ರಿಸದ ಕಾರಣ' ಎಂದು ಬರೆಯಬೇಕಿತ್ತು. 'ತಾಂತ್ರಿಕ ದೋಷ' ಎಂದು ಬರೆದೆ.

ಮಗನ ಮೇಲೆ ಸಿಟ್ಟು ಬಂತೇ ಎಂದರೆ, ಬಂತು. ಫೋನಿನಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಅಂದೆ. "ನಿನಗ ಚೊಲೋ ಆಗ್ಲಿ ಅಂತ ಮಾಡ್ದೆ ಅವ್ವಾ," ಎಂದ. ಅವನ ದನಿಯಲ್ಲಿ ನನಗೆ ಬೇರೊಂದು ದನಿ ಕೇಳಿಸಿ ಬಾಯಿ ಕಟ್ಟಿತು. ಅದು ನನ್ನದೇ. 1996ರಲ್ಲಿ ನಮ್ಮ ಮನೆಗೆ ಬಣ್ಣದ ಟಿ.ವಿ. ಬಂದಾಗ ಪಡಸಾಲೆಯ ಮೂಲೆಯಲ್ಲಿದ್ದ ಅತ್ತೆಯ ಮರ್ಫಿ ರೇಡಿಯೋವನ್ನು ನಾನು ಹಳೇ ಸಾಮಾನಿನವನಿಗೆ 40 ರೂಪಾಯಿಗೆ ಕೊಟ್ಟಿದ್ದೆ. ಅವರು ಗುಡಿಗೆ ಹೋಗಿದ್ದರು. ಆ ಜಾಗದಲ್ಲಿ ಒಂದು ಹೊಸ ಟೂ-ಇನ್-ಒನ್ ತಂದಿಟ್ಟು, "ಅತ್ತೀ, ಇದರಾಗ ಕ್ಯಾಸೆಟ್ಟೂ ಹಾಡ್ತಾವ್ರಿ," ಎಂದಿದ್ದೆ. ಅವರು ಅದರ ಮೇಲೆ ಕೈಯಾಡಿಸಿ, "ಚೊಲೋ ಐತವಾ," ಎಂದರು. ಮರ್ಫಿಯ ಗುಂಡಿ ನಿಂಬೆಹಣ್ಣಿನಷ್ಟು ದೊಡ್ಡದು. ಅತ್ತೆಗೆ ಕಣ್ಣಿನ ಪೊರೆ ಬಂದಿತ್ತು. ಹೊಸದರ ಸಣ್ಣ ಗುಂಡಿ, ಸೂಜಿಯಂಥ ಗೆರೆ ಅವರಿಗೆ ಕಾಣುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಅವರು ಅದನ್ನು ತಾವಾಗಿ ಹಚ್ಚಿದ್ದನ್ನು ನಾನು ನೋಡಲೇ ಇಲ್ಲ. ರೇಡಿಯೋದ ಹುಚ್ಚು ಬಿಟ್ಟಿತು, ವಯಸ್ಸಾಯಿತು ಎಂದುಕೊಂಡಿದ್ದೆ. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು.

ಮಗನಿಗೆ, "ಇರ್ಲಿ ಬಿಡಪಾ, ಉಂಡ್ಯಾ?" ಎಂದು ಕೇಳಿ ಫೋನಿಟ್ಟೆ.

ಹಳೆಯ ಟೇಪನ್ನು ಅವನು ಪುಣ್ಯಕ್ಕೆ ಮಾರಿರಲಿಲ್ಲ, ಹೊಸ ಪೆಟ್ಟಿಗೆಯೊಳಗೇ ಹಾಕಿ ಅಟ್ಟದ ಮೇಲಿಟ್ಟಿದ್ದ. ವೈರಿಂಗಿನ ಹುಡುಗ ಎರಡು ಸಂಜೆ ಕೂತು ಕತ್ತರಿಸಿದ ಒಂದೊಂದೇ ವೈರನ್ನು ಬೆಸುಗೆ ಹಾಕಿ, ಸುತ್ತಿ, ಹೊಸ ಕಪ್ಲರು ಕೂಡಿಸಿದ. ಆದರೆ ಸೆಟ್ಟು ಹಚ್ಚಿದರೆ ಹಾಡಲಿಲ್ಲ, 'ಕೋಡ್' ಎಂಬ ಅಕ್ಷರ ಮೂಡಿಸಿ ನಿಂತಿತು. ಕೆಲವು ಕಂಪನಿ ಸೆಟ್ಟುಗಳು ಹೀಗೆಯೇ. ಬ್ಯಾಟರಿಯಿಂದ ಬೇರೆಯಾದರೆ ಕದ್ದವರ ಕೈ ಸೇರಿದ್ದೇವೆಂದು ತಿಳಿದು, ಗುಪ್ತ ಅಂಕೆ ಹೇಳುವತನಕ ಬಾಯಿ ಬಿಡುವುದಿಲ್ಲ. ತಪ್ಪು ಅಂಕೆ ಹಾಕುತ್ತ ಹೋದರೆ ಪೂರ್ತಿ ಬೀಗ. ನಾನು ಕಾರಿನ ಜೊತೆ ಬಂದ ಪುಸ್ತಕವನ್ನು ಜಾಲಾಡಿದೆ. ಕೊನೆಯ ಪುಟದ ಒಳಗೆ ಆ ಬ್ಯಾಂಕ್ ಅಧಿಕಾರಿಗಳು ಮುದ್ದಾದ ಅಕ್ಷರದಲ್ಲಿ ನಾಲ್ಕು ಅಂಕೆ ಬರೆದು ಕೆಳಗೆ ಗೆರೆ ಎಳೆದಿದ್ದರು. ಎಂದೂ ನೋಡದ ಆ ಪುಟಕ್ಕೆ ನಾನು ಹತ್ತಕ್ಕೆ ಹತ್ತು ಕೊಟ್ಟೆ.

ಕ್ಯಾಸೆಟ್ಟು ಮಾತ್ರ ಇನ್ನು ಓಡುವುದಿಲ್ಲ. ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿದೆ, ಆ ಅಳತೆಯದು ಸಿಕ್ಕಿಲ್ಲ. ಹಾಡುಗಳನ್ನು ಮನೆಯಲ್ಲಿ ಫೋನಿನಲ್ಲಿ ಕೇಳುತ್ತೇನೆ. ಹಿಂದಿನ ಕ್ಯಾಮೆರಾವನ್ನು ಬಿಟ್ಟುಕೊಡಲು ನಾನು ಒಪ್ಪಲಿಲ್ಲ. ಕನ್ನಡಿಯ ಮೇಲೆ ಸಿಕ್ಕಿಸುವ ಸಣ್ಣ ಪರದೆ ಸಿಗುತ್ತದೆಂದು ಹುಡುಗ ತಂದು ಅದಕ್ಕೆ ಜೋಡಿಸಿಕೊಟ್ಟ. ರಿವರ್ಸ್ ಗೇರು ಹಾಕಿದಾಗ ಮಾತ್ರ ಹೊತ್ತುತ್ತದೆ, ಆಮೇಲೆ ಬರೀ ಕನ್ನಡಿ. ಗೂಡು ಮತ್ತೆ ಬಂತು. ಕೆಂಪು ಪೆನ್ನು ಅಲ್ಲಿದೆ.

ಮುಂದಿನ ದೀಪಾವಳಿಗೆ ಮಗ ಬಂದಾಗ ಬಸ್ ಸ್ಟ್ಯಾಂಡಿನಿಂದ ಕರೆತರಲು ನಾನೇ ಹೋದೆ. ಎಡಗಡೆಯ ಸೀಟಿನಲ್ಲಿ ಕೂತವನು ಟೇಪನ್ನು ನೋಡಿದ, ನನ್ನನ್ನು ನೋಡಿದ, ಏನೂ ಅನ್ನಲಿಲ್ಲ. ಧಾರವಾಡ ಬರುತ್ತಿತ್ತು, ತುಸು ಗೊರಗೊರ ಇತ್ತು. ಅಭ್ಯಾಸಬಲದಿಂದ ಅವನ ಕೈ ಗುಂಡಿಯ ಕಡೆ ಹೋಯಿತು.

"ಇರ್ಲಿ," ಎಂದೆ. "ಈ ಹಾಡು ಮುಗೀಲಿ."